ಕೊಟ್ರನ ಪಾಲಿನ ಲೆಕ್ಕ

ಕೇಳ್ರಪ್ಪಾ, ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರ. ಹೇಳಿದ್ದನ್ನೆಲ್ಲ ಮಾಡ್ತಿದ್ದ, ಹೇಳಿದ ಹಾಗೇ ಮಾಡ್ತಿದ್ದ. ಅದೇ ಹಾಲಮ್ಮನ ಸಂಕಟ.

ಒಂದು ದಿನ ಅವ್ವ ಅಂದಳು: "ದೋಸೆಗೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದಿನಬೇಳೆ ನೆನೆಹಾಕೋ. ಎಲ್ಲಾ ಸೇರಿ ಎಂಟು ಪಾವು ಆಗ್ಬೇಕು."

ಕೊಟ್ರ ಮೂರು ಪಾವು ಅಕ್ಕಿ ಹಾಕಿದ, ಒಂದು ಪಾವು ಬೇಳೆ ಹಾಕಿದ. ಎಂಟು ಆಗ್ಲಿಲ್ಲ! ಬಿಟ್ಟಾನಾ? ನಾಲ್ಕು ಪಾವು ಉಪ್ಪು ಸುರಿದ.

"ಅಯ್ಯೋ ಪೆದ್ದಾ!" ಅವ್ವ ಹಣೆ ಚಚ್ಚಿಕೊಂಡಳು. "ಮೂರೂ ಒಂದೂ ನಾಲ್ಕು ಪಾಲು. ಎಂಟನ್ನ ನಾಲ್ಕು ಭಾಗ ಮಾಡಿದ್ರೆ ಪಾಲಿಗೆ ಎರಡು ಪಾವು. ಅಕ್ಕಿ ಆರು, ಬೇಳೆ ಎರಡು. ಮೊದಲು ಕೂಡಿಸು, ಆಮೇಲೆ ಭಾಗ ಮಾಡು!"

"ಹಂಗೇ ಮಾಡ್ತೀನವ್ವಾ!"

ಮುಂದಿನ ವಾರ ಹದಿನೈದು ರವೆ ಉಂಡೆ ಕೊಟ್ಟಳು. "ದೊಡ್ಡಪ್ಪನ ಮನೆಗೆ ಮೂರು ಪಾಲು, ಅತ್ತೆ ಮನೆಗೆ ಎರಡು ಪಾಲು."

ಮೊದಲು ಕೂಡಿಸಬೇಕಲ್ಲ! ದಾರೀಲಿ ಕೂತ, ಹದಿನೈದನ್ನೂ ಹಿಸುಕಿ ಒಂದೇ ಮುದ್ದೆ ಮಾಡಿದ. ಆಮೇಲೆ ಭಾಗ! ಸೊಂಟದಲ್ಲಿದ್ದ ಕುಡುಗೋಲು ತಗೊಂಡು ಐದು ಹೋಳು ಮಾಡಿದ.

ಅತ್ತೆ ಓಡಿ ಬಂದಳು. "ಏನೇ ಹಾಲಮ್ಮ, ಉಂಡೆ ಅಂತ ಮಣ್ಣಿನ ಹೆಂಟೆ ಕಳಿಸೀಯಾ?"

"ಕೂಡಿಸೋದು ಪಾಲಿನ ಲೆಕ್ಕಾನ ಕಣೋ, ಉಂಡೇನಲ್ಲ!" ಅವ್ವ ಅತ್ತೇಬಿಟ್ಟಳು. "ಪಾಲಿಗೆ ಮೂರು ಉಂಡೆ. ದೊಡ್ಡಪ್ಪನಿಗೆ ಒಂಬತ್ತು, ಅತ್ತೆಗೆ ಆರು. ಬಾಯಲ್ಲೇ ಲೆಕ್ಕ ಹಾಕು. ಕೊನೆಗೆ ತಾಳೆ ನೋಡು. ತಾಳೆ ಆಗೋವರೆಗೂ ಬಿಡಬೇಡ!"

"ಸತ್ರೂ ಬಿಡಲ್ಲವ್ವಾ!" ಕೊಟ್ರ ಹಲ್ಲು ಕಚ್ಚಿ ಅಂದ.

ಅಷ್ಟರಲ್ಲಿ ಅವನಿಗೊಂದು ಸಂಬಂಧ ಕೂಡಿಬಂತು. "ಹೆಣ್ಣಿನ ಕಡೆಯವರು ಹತ್ತು ಜನ ಊಟಕ್ಕೆ ಬರ್ತಾರೆ," ಅಂದಳು ಅವ್ವ. "ಗಂಡಸರು ಮೂರು ಪಾಲು, ಹೆಂಗಸರು ಎರಡು ಪಾಲು. ಗಂಡಸರಿಗೆ ಪಡಸಾಲೇಲಿ, ಹೆಂಗಸರಿಗೆ ನಡುಮನೇಲಿ ಎಲೆ ಹಾಕು. ಇವತ್ತು ಮಾನ ಉಳಿಸಪ್ಪಾ!"

ಕೊಟ್ರ ಬೆರಳು ಮಡಚಿದ, ಬಿಚ್ಚಿದ. ಐದು ಪಾಲು. ಪಾಲಿಗೆ ಇಬ್ಬರು. ಪಡಸಾಲೇಲಿ ಆರು ಎಲೆ, ನಡುಮನೇಲಿ ನಾಲ್ಕು! ಹಾಲಮ್ಮ ದೃಷ್ಟಿ ತೆಗೆದು ಅಡುಗೆಮನೆಗೆ ಹೋದಳು.

ನೆಂಟರು ಬಂದರು. ಹತ್ತೇ ಜನ. ಆದರೆ ಹೆಣ್ಣಿನ ಒಬ್ಬ ಮಾವನಿಗೆ ಜ್ವರ ಅಂತ ಅವನ ಬದಲು ಅವಳ ಅಜ್ಜಿ ಹೊರಟು ಬಂದಿದ್ದಳು. ಗಂಡಸರ ಸಾಲಲ್ಲಿ ಒಂದು ಎಲೆ ಖಾಲಿ, ಹೆಂಗಸರ ಸಾಲಲ್ಲಿ ಅಜ್ಜಿಗೆ ಎಲೆಯೇ ಇಲ್ಲ!

ತಾಳೆ ಆಗ್ಲಿಲ್ಲ! ಕೊಟ್ರ ಬಿಟ್ಟಾನಾ? ಗೂಟದಲ್ಲಿದ್ದ ರುಮಾಲು ಎಳೆದ, ಅಜ್ಜಿ ತಲೆಗೆ ಸುತ್ತಿದ, ಕೈ ಹಿಡಿದು ಗಂಡಸರ ಸಾಲಲ್ಲಿ ಕೂರಿಸಿದ.

"ಅಜ್ಜೀ, ಇವತ್ತು ನೀವು ಗಂಡಸು, ಸುಮ್ನೆ ಕೂತ್ಕೊಳ್ರಿ!"

"ಎಲವೋ!" ಅಜ್ಜಿ ಗುಡುಗಿದಳು. "ಮೀಸೆ ಒಂದು ಬಾಕಿ ಐತೆ ನೋಡು ನಂಗೆ!"

"ಹೌದಲ್ಲಾ!" ಅಂದ ಕೊಟ್ರ, ಹಂಚಿನ ಮಸಿ ತರೋಕೆ ಓಡಿದ.