ಎಡಗೈ ಕಟ್ಟಿದ ಮೊರ

“ಅಂಚು ಕಟ್ಟೋದನ್ನ ನೀನು ಓಡಿಸಿದೋಳಿಗೆ ಹೇಳಿಕೊಟ್ಟಿವ್ನಿ. ಹೋಗಿ ಕಲ್ತ್ಕೊ. ಪಕ್ಕದಲ್ಲಿ ಕೂರಬ್ಯಾಡ. ಎದುರಿಗೆ ಕೂತ್ಕೊ.”

ಹಿಂಗಂದಳಂತೆ ಹೊಂಬಾಳಮ್ಮ, ಗಂಡನಿಗೆ. ಅಂದು ಆ ಕಡೆ ಮಗ್ಗುಲಾದಳಂತೆ. ಮತ್ತೆ ಈ ಕಡೆ ತಿರುಗಲಿಲ್ಲ.

ಯಾವ ಕಾಲವೋ ಏನೋ. ಒಂದೂರು. ಊರಿನ ಹೆಸರು ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಆ ಊರಲ್ಲಿ ಮೇದರ ದ್ಯಾವಯ್ಯ ಅಂತ ಒಬ್ಬ ಇದ್ದನಂತೆ. ಬಿದಿರು ಸೀಳೋದು, ಬುಟ್ಟಿ ಹೆಣೆಯೋದು, ಮೊರ ಹೆಣೆಯೋದು. ಅದು ಅವನ ಕಸುಬು. ತಾನು ಹೆಣೆದು ಸುಮ್ಮನಾಗೋ ಆಳಲ್ಲ. ಊರಿಗೆಲ್ಲ ಹೇಳಿಕೊಡಬೇಕು. ಊರವರು ಅದಕ್ಕೇ ಅಂತ ಚಾವಡಿ ಜಗಲಿ ಬಿಟ್ಟುಕೊಟ್ಟಿದ್ದರಂತೆ. ಕುರುಬ ಬರಲಿ, ಕುಂಬಾರ ಬರಲಿ, ಹಲ್ಲಿಲ್ಲದ ಮುದುಕಿ ಬರಲಿ, “ಬಿದಿರಿಗೆ ಕೈ ಮುಗಿ, ಕೂತ್ಕೊ” ಅಂತಿದ್ದ. ಅಷ್ಟೇ ಕಾಣಿಕೆ. ಮಳೆಗಾಲದಲ್ಲಿ ಕೂಲಿ ಸಿಗದ ಮನೆಗಳಲ್ಲಿ ಆ ಬುಟ್ಟಿಯಿಂದಲೇ ಒಲೆ ಉರಿಯುತ್ತಿತ್ತಂತೆ. ದೊಡ್ಡೋರು ಚಿಕ್ಕೋರು ಎಲ್ಲರೂ ಅವನನ್ನು ಮೇಷ್ಟ್ರೇ ಅಂತಿದ್ದರು.

ಆದರೆ ಮೇಷ್ಟ್ರಿಗೆ ಒಂದು ಬರುತ್ತಿರಲಿಲ್ಲ. ಅಂಚು ಕಟ್ಟೋಕೆ ಬರುತ್ತಿರಲಿಲ್ಲ.

ಮೊರ ಎಷ್ಟೇ ಚೆನ್ನಾಗಿ ಹೆಣೆಯಿರಿ, ಸುತ್ತ ಅಂಚು ಕಟ್ಟದಿದ್ದರೆ ಬಿಚ್ಚಿಕೊಳ್ಳುತ್ತದೆ. ಆ ಕೆಲಸ ಹೊಂಬಾಳಮ್ಮನದು. ಮನೆ ಹಿಂದೆ, ಹಿತ್ತಲಲ್ಲಿ ಮಣೆ ಹಾಕಿಕೊಂಡು ಕಟ್ಟುತ್ತಿದ್ದಳು. ಯಾಕೆ ಹಿತ್ತಲು? ಅವಳು ಎಡಚಿ. ಆ ಊರಲ್ಲಿ ಕಾಳಿಗೆ ಎಡಗೈ ಸೋಕಿಸೋ ಹಾಗಿಲ್ಲ. ಎಡಗೈಲಿ ಕಟ್ಟಿದ ಮೊರ ಅಂತ ಗೊತ್ತಾದರೆ ತಿಪ್ಪೆಗೆ ಎಸೆಯುತ್ತಾರೆ ಅಂತ ಗಂಡ ಹೆಂಡತಿ ಇಬ್ಬರಿಗೂ ಹೆದರಿಕೆ. ಹಂಗಾಗಿ ಜಗಲಿಯ ಮೊರ ಮನೆ ಮುಂಬಾಗಿಲಲ್ಲಿ ಒಳಗೆ ಹೋಗೋದು, ಹಿತ್ತಲಲ್ಲಿ ಅಂಚು ಕಟ್ಟಿಸಿಕೊಳ್ಳೋದು, ಮತ್ತೆ ಮುಂಬಾಗಿಲಲ್ಲಿ ಹೊರಗೆ ಬರೋದು.

“ಮೇಷ್ಟ್ರೇ, ಅಂಚು ಯಾವಾಗ ಹೇಳಿಕೊಡ್ತೀರಿ?” ಅಂತ ಕೇಳಿದರೆ, “ಅದು ಕಡೇ ಪಾಠ. ಇನ್ನೂ ಹೊತ್ತೈತೆ” ಅಂತಿದ್ದನಂತೆ.

ತಾನೂ ಕಲಿಯೋಕೆ ನೋಡಿದ್ದ. ಹೆಂಡತಿ ಪಕ್ಕ ಕೂತು ನೋಡುತ್ತಿದ್ದ, ತನ್ನ ಕೈಲಿ ಕಟ್ಟುತ್ತಿದ್ದ, ಕಟ್ಟಿದ್ದು ಬಿಚ್ಚಿಕೊಳ್ಳುತ್ತಿತ್ತು.

“ಎದುರಿಗೆ ಬಾ” ಅನ್ನೋಳು ಅವಳು.

“ಗೋಡೆಗೆ ಒರಗಿದ್ರೆ ಬೆನ್ನಿಗೆ ಹಿತ” ಅನ್ನೋನು ಇವನು.

“ಅಯ್ಯೋ ನನ್ನಪ್ಪ, ಅಂಚು ಕಟ್ಟು ಅಂದ್ರೆ ಎಮ್ಮೆ ಕಟ್ದಂಗೆ ಕಟ್ತೀಯಲ್ಲ!” ಅಂತ ಅವಳು ನಗೋಳು. ಅಲ್ಲಿಗೆ ಪಾಠ ಮುಗಿಯಿತು.

ಈಗ ಅವಳೇ ಇಲ್ಲ.

ಜಗಲಿ ತುಂಬ ಅಂಚಿಲ್ಲದ ಮೊರ ಬಿದ್ದವು. ಯಾವಳೋ ಒಬ್ಬಳು ತಡೆಯಲಾರದೆ ಒಂದನ್ನು ಎತ್ತಿಕೊಂಡು ಹೋಗಿ ರಾಗಿ ಕೇರಿದಳಂತೆ. ಎರಡು ಸಲ ಕೊಡವಿದಳು. ಮೂರನೇ ಸಲಕ್ಕೆ ಮೊರ ಬಿಚ್ಚಿಕೊಂಡು ರಾಗಿಯೆಲ್ಲ ಕೋಳಿ ಪಾಲು. ಕೋಳಿಗಳು ಮಾತ್ರ ಮೇಷ್ಟ್ರನ್ನ ಹೊಗಳಿದವಂತೆ.

ಪಟೇಲ ಕರೀಗೌಡ ಚಾವಡಿಗೆ ಬಂದ.

“ಮೇಷ್ಟ್ರೇ, ನಿಮ್ಮ ದುಃಖ ನಮ್ಗೂ ಗೊತ್ತು. ಆದ್ರೆ ಹೊಸ ರಾಗಿ ದುಃಖ ಕೇಳಲ್ಲ. ರಾಗಿ ಕಣಕ್ಕೆ ಬರೋದ್ರೊಳಗೆ ಅಂಚು ಕಟ್ಟಿದ ಮೊರ ಬೇಕು. ಆಗಲ್ಲ ಅಂದ್ರೆ ಹೇಳಿ, ಪಕ್ಕದೂರ ಮೇದರನ್ನ ಕರಸ್ತೀವಿ. ಜಗಲೀನೂ ಅವನಿಗೇ ಬಿಡಬೇಕಾಯ್ತದೆ.”

ಪಕ್ಕದೂರ ಮೇದರ ಯಾರಿಗೂ ಏನೂ ಹೇಳಿಕೊಡೋನಲ್ಲ. ಯಾರಾದರೂ ಇಣುಕಿದರೆ ಬಿದಿರಿನ ಮೇಲೆ ಕಂಬಳಿ ಹೊದಿಸೋನು. ಅವನು ಬಂದರೆ ಜಗಲಿಯ ಪಾಠ ಮುಗಿದಂತೆ.

“ಆಯ್ತು ಗೌಡ್ರೇ” ಅಂದ ದ್ಯಾವಯ್ಯ. ಏನು ಆಯ್ತು ಅಂತ ಅವನಿಗೇ ಗೊತ್ತಿರಲಿಲ್ಲ.

ಕೂತು ಯೋಚಿಸಿದ. ನಾನು ಓಡಿಸಿದೋಳು ಯಾರು? ನಾನು ಯಾರನ್ನೂ ಓಡಿಸಿದವನಲ್ಲವಲ್ಲ. ಜಗಲಿಯಲ್ಲಿ ಗಾಣದ ಮನೆಯ ರಂಗಜ್ಜಿ ಒಬ್ಬಳೇ ಬುಟ್ಟಿ ಹೆಣೆಯುತ್ತಿದ್ದಳು. ಅಜ್ಜಿಯ ಬುಟ್ಟಿ ಯಾವತ್ತೂ ಸೊಟ್ಟ. ಎಡಗೈ ಮುಂದೆ ಬಂದಾಗಲೆಲ್ಲ ಮೇಷ್ಟ್ರು “ಆ ಕೈ ಮಡಗು” ಅಂತಿದ್ದ. ಅಜ್ಜಿ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಒಂದೇ ಕೈಲಿ ಒದ್ದಾಡುತ್ತಿದ್ದಳು.

“ಅಜ್ಜೀ, ನಿನ್ನನ್ನ ಯಾವತ್ತಾದ್ರೂ ಓಡಿಸಿದ್ನಾ?”

“ನನ್ನನ್ನ ಓಡ್ಸೋನು ಇನ್ನೂ ಹುಟ್ಟಿಲ್ಲ ಕಣಪ್ಪ. ನೀನು ಓಡ್ಸಿದ್ದು ಒಬ್ಬಳನ್ನೇ. ಮೆಳೆ ದೆವ್ವನ.”

ದ್ಯಾವಯ್ಯನಿಗೆ ನೆನಪಾಯ್ತು. ಹಿಂದಿನ ವರ್ಷ ದೀಪ ಹಚ್ಚೋ ಹೊತ್ತಲ್ಲಿ ಯಾವಳೋ ಬಂದು ಸಾಲಿನ ತುದಿಯಲ್ಲಿ ಕೂತಳು. ಬಿದಿರಿಗೆ ಕೈ ಮುಗಿದೇ ಕೂತಳು. ಪಾದ ನೋಡಿದರೆ ಹಿಂದುಮುಂದು! ಊರಾಚೆ ಬಿದಿರು ಮೆಳೆಯ ದೆವ್ವ. ಪಕ್ಕದ ಮನೆ ಒಲೆಯಿಂದ ಕೊಳ್ಳಿ ಎಳೆದುಕೊಂಡು ಅಟ್ಟಿಸಿಕೊಂಡು ಹೋದ. ಮುಖ ಆ ಕಡೆ, ಕಾಲು ಈ ಕಡೆ. ದೆವ್ವ ಓಡಿಹೋಗುತ್ತಿದೆಯೋ ಮೇಲೆ ಬೀಳೋಕೆ ಬರುತ್ತಿದೆಯೋ ತಿಳಿಯದೆ ಅರ್ಧ ದಾರಿಯಲ್ಲಿ ತಾನೇ ತಿರುಗಿ ಓಡಿ ಬಂದಿದ್ದನಂತೆ.

ಹೊಂಬಾಳಮ್ಮ ಆಮೇಲೆ ಅವಳನ್ನು ಗುಟ್ಟಾಗಿ ಹಿತ್ತಲಿಗೆ ಕರೆಸಿಕೊಂಡು ಅಂಚು ಕಲಿಸಿದ್ದಳು. ಇವನಿಗೆ ಹೇಳಿರಲಿಲ್ಲ.

ಅವತ್ತೇ, ಹೊತ್ತು ಕಂತೋ ವೇಳೆಗೆ, ದ್ಯಾವಯ್ಯ ಒಂದು ಅಂಚಿಲ್ಲದ ಮೊರ ಹಿಡಿದು ಬಿದಿರು ಮೆಳೆಗೆ ಹೋದನಂತೆ. ಕಾಲು ನಡುಗುತ್ತಿತ್ತು. ಮೆಳೆಯೊಳಗೆ ಅದಕ್ಕಿಂತ ಹೆಚ್ಚು ಏನೋ ನಡುಗುತ್ತಿತ್ತು.

“ಮೇಷ್ಟ್ರೇ, ಹೊಡೀಬ್ಯಾಡಿ! ನಾನಿವತ್ತು ಊರಿಗೆ ಬಂದಿಲ್ಲ!”

“ಹೊಡೆಯಕ್ಕೆ ಬಂದಿಲ್ಲ ಕಣವ್ವ. ಕಲಿಯಕ್ಕೆ ಬಂದಿವ್ನಿ.”

ಮೆಳೆಯ ನಡುಕ ನಿಂತಿತು. ಆಮೇಲೆ ದೆವ್ವ ಗಂಟಲು ಸರಿಮಾಡಿಕೊಂಡಿತಂತೆ.

“ಹಂಗಾದ್ರೆ ಬಿದಿರಿಗೆ ಕೈ ಮುಗಿ, ಕೂತ್ಕೊ.”

ದ್ಯಾವಯ್ಯ ಕೈ ಮುಗಿದ. ಹೋಗಿ ಪಕ್ಕದಲ್ಲಿ ಕೂತ.

“ಎದುರಿಗೆ!”

ಎದ್ದ. ನೋಡಿದ. “ಎದುರಿಗೆ ಅಂದ್ರೆ ನಿಂಗೆ ಯಾವ ಕಡೆ ತಾಯಿ?”

“ಮುಖ ಇರೋ ಕಡೆ ಕಣಯ್ಯ. ಕಾಲು ನನ್ನ ಹಣೆಬರಹ.”

ಎದುರಿಗೆ ಕೂತ. ದೆವ್ವ ಬಿದಿರ ಸೀಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿತು. ಮೊರವನ್ನು ಮೊಣಕಾಲ ಕೆಳಗೆ ಅಮುಕಿತು. ಎಡಗೈ ಕಿರುಬೆರಳು ಎತ್ತಿಕೊಂಡು ಸೀಳನ್ನು ಎಳೆಯಿತು. ದ್ಯಾವಯ್ಯ ನೋಡಿದ. ಆ ಕಿರುಬೆರಳು ದೆವ್ವದ್ದಲ್ಲ. ಹೊಂಬಾಳಮ್ಮನದು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡರೂ ಆ ಕೈ ಕೆಲಸ ಮಾಡೋದನ್ನು ಅವನು ಎದುರಿಗೆ ಕೂತು ನೋಡಿರಲಿಲ್ಲ.

ಎದುರಿಗೆ ಕೂತರೆ ಅವಳ ಎಡಗೈಗೆ ಸರಿಯಾಗಿ ಇವನ ಬಲಗೈ. ನೀರಲ್ಲಿ ಮುಖ ನೋಡಿಕೊಂಡ ಹಾಗೆ. ಅಷ್ಟು ಸುಲಭ ಇತ್ತು.

ಇವನೂ ಕಟ್ಟಿದ. ಸಡಿಲಾಯಿತು.

“ಅಯ್ಯೋ ನನ್ನಪ್ಪ, ಅಂಚು ಕಟ್ಟು ಅಂದ್ರೆ ಎಮ್ಮೆ ಕಟ್ದಂಗೆ ಕಟ್ತೀಯಲ್ಲ!” ಅಂತು ದೆವ್ವ.

ದ್ಯಾವಯ್ಯನ ಕೈ ನಿಂತಿತು. “ಏನಂದೆ?”

“ತಪ್ಪಾಯ್ತಾ? ಅವ್ವ ಹಂಗೇ ಅನ್ನೋರು. ಅದೂ ಪಾಠಕ್ಕೆ ಸೇರಿದ್ದು ಅಂದ್ಕೊಂಡೆ.”

“ಸೇರಿದ್ದೇ” ಅಂದ ದ್ಯಾವಯ್ಯ.

ಎರಡನೇ ಸಲ ಅವನಿಗೆ ಸರಿಯಾಗಿ ಬಂದಿತ್ತಂತೆ. ಆದರೂ ಬೇಕಂತಲೇ ಸಡಿಲ ಬಿಟ್ಟ. ದೆವ್ವ ಮತ್ತೆ ಬೈಯಿತು. ಮೂರನೇ ಸಲಕ್ಕೆ ಬಿಗಿಯಾಗಿ ಕಟ್ಟಿದ.

“ನೀನು ಬಲಗೈಲಿ ಕಟ್ಟಿದೀಯ ಮೇಷ್ಟ್ರೇ” ಅಂತು ದೆವ್ವ. “ಒಳ್ಳೇದೇ ಆಯ್ತು. ಇನ್ನು ಅವ್ವನ ಎಡಗೈ ಸುದ್ದಿ ಯಾರಿಗೂ ಗೊತ್ತಾಗಲ್ಲ.”

ದ್ಯಾವಯ್ಯ ಮೊರ ಎತ್ತಿಕೊಂಡು ಮನೆಗೆ ಬಂದ.

ಬೆಳಗಾಯಿತು. ಹಿತ್ತಲಿಗೆ ಹೋಗಿ ಹೊಂಬಾಳಮ್ಮನ ಮಣೆ ತೊಳೆದ. ತಲೆ ಮೇಲೆ ಹೊತ್ತುಕೊಂಡು ಊರ ನಡುವೆ ನಡೆದು ಬಂದು ಜಗಲಿ ಮೇಲೆ, ಎಲ್ಲರಿಗೂ ಕಾಣೋ ಕಡೆ ಇಟ್ಟನಂತೆ. ಸಾಲಿನ ತುದಿಗೆ ಒಂದು ಚಾಪೆ ಹೆಚ್ಚಿಗೆ ಹಾಸಿದ. ಊರವರು ಸೇರಿದರು. ಪಟೇಲನೂ ಬಂದ. ದ್ಯಾವಯ್ಯ ಖಾಲಿ ಮಣೆಗೆ ಎದುರಾಗಿ ಕೂತು ಅಂಚು ಕಟ್ಟಿದ. ಪಟೇಲ ಎಳೆದು ನೋಡಿದ. ಬಿಗಿ.

“ಭಲೇ ಮೇಷ್ಟ್ರೇ! ಜಗಲಿ ನಿಮ್ದೇ. ಈ ಮಣೆ ಯಾರ್ದು?”

“ನನ್ನ ಮೇಷ್ಟ್ರದು. ಹೊಂಬಾಳಮ್ಮಂದು. ನಿಮ್ಮ ಮನೆ ಮೊರಕ್ಕೆಲ್ಲ ಅಂಚು ಕಟ್ಟಿದ್ದು ಅವಳು. ಎಡಗೈಲಿ ಕಟ್ಟಿದ್ದು.”

“ಎಡಗೈಲಾ? ಶಿವ ಶಿವಾ!” ಪಟೇಲ ಮೊರ ಕೆಳಗೆ ಬಿಟ್ಟ.

ರಂಗಜ್ಜಿ ಬಾಯಿ ಹಾಕಿದಳು. “ಯಾಕೋ ಕರಿಯಾ, ನಿನ್ನ ಮಗ ಹುಟ್ಟಿದಾಗ ಮೊದಲು ಮಲಗಿಸಿದ್ದು ಆ ಮೊರದಲ್ಲೇ. ಏನು ಸವೆದೋದ್ನಾ? ಗೂಳಿ ಆಗವ್ನೆ!”

ಜನ ಗೊಳ್ಳಂತ ನಕ್ಕರಂತೆ. ಪಟೇಲನೂ ತಡೆದು ತಡೆದು ಕಡೆಗೆ ನಕ್ಕ. ಬಗ್ಗಿ ಮೊರ ಎತ್ತಿಕೊಂಡ. “ಆ ಚಾಪೆ ಯಾರಿಗೆ?” ಅಂದ.

“ದೀಪ ಹಚ್ಚೋ ಹೊತ್ತಿಗೆ ಬರೋಳಿಗೆ. ಕಾಲು ನೋಡಬೇಡಿ, ಕೈ ನೋಡಿ.”

ರಂಗಜ್ಜಿ ಸೆರಗಿನೊಳಗಿಂದ ಎಡಗೈ ಈಚೆಗೆ ತೆಗೆದಳಂತೆ. ಬಿಸಿಲಿಗೆ ಹಿಡಿದು ನೋಡಿಕೊಂಡಳು.

“ನಾನೆಲ್ಲಿ ಕೂರಲಿ ಮೇಷ್ಟ್ರೇ?”

ದ್ಯಾವಯ್ಯ ಮಣೆ ತೋರಿಸಿದ. “ಅಲ್ಲೇ. ನನ್ನ ಎದುರಿಗೆ.”

ಅವರ ಮೊರ ಅಲ್ಲಿ ತುಂಬಿತು. ನಮ್ಮ ಕಥೆ ಇಲ್ಲಿ ಬರಿದಾಯಿತು.