ಓಂಕಾರಪ್ಪನ ದೊಡ್ಡ ಟೈರು

ಕಂಟ್ರಾಕ್ಟರ್ ಓಂಕಾರಪ್ಪ ಹೊಸ ಎಲೆಕ್ಟ್ರಿಕ್ ಜೀಪನ್ನು ದಾವಣಗೆರೆಯ ಟೈರ್ ಅಂಗಡಿಗೆ ತಂದ.

“ಊರಲ್ಲೇ ದೊಡ್ಡ ಟೈರು ಹಾಕು. ಆದರೆ ಒಂದು ಚಾರ್ಜಿಗೆ ಓಡೋದು ಒಂದು ಕಿಲೋಮೀಟರ್ ಕಮ್ಮಿಯಾದರೂ ನಿನ್ನನ್ನ ಕೆಲಸದಿಂದ ತೆಗೆಸ್ತೀನಿ!”

ಫಿಟ್ಟರ್ ಹಾಲೇಶ ವಾದಕ್ಕಿಳಿಯಲಿಲ್ಲ. “ಆಗ್ಲಿ ಯಜಮಾನ್ರೇ. ಅಂಗಡಿ ಪೂಜೆ ನಡೀತಿದೆ, ಮಂಗಳಾರತಿ ತಗೊಳ್ಳಿ,” ಅಂದ.

ಓಂಕಾರಪ್ಪ ಆರತಿ ತಗೊಂಡು ಹೊರಬಂದರೆ ಚಪ್ಪಲಿ ಮಾಯ! ಅಲ್ಲಿದ್ದದ್ದು ಗಾಡಿ ತೊಳೆಯುವವನ ಗಂಬೂಟು.

“ಚಪ್ಪಲಿ ಹುಡುಕಿಡ್ತೀನಿ,” ಅಂದ ಹಾಲೇಶ. “ ಅಷ್ಟರಲ್ಲಿ ಇದನ್ನೇ ಹಾಕ್ಕೊಂಡು, ಆ ಮೂಲೆ ಅಂಗಡೀಲಿ ಚಹಾ ಕುಡಿದು ಬನ್ನಿ. ನೋಡೋಕೂ ಭರ್ಜರಿಯಾಗಿದೆ!”

ಓಂಕಾರಪ್ಪ ಚಹಾ ಕುಡಿದು, ಏದುಸಿರು ಬಿಡುತ್ತ ವಾಪಸ್ ಬಂದ. “ಥೂ, ಕಾಲೇ ಏಳಲ್ಲ ಕಣೋ!”

“ಹೊಟ್ಟೆಗೆ ಬಿದ್ದ ಚಾರ್ಜು ಎಂದಿನಷ್ಟೇ ಯಜಮಾನ್ರೇ, ಬೂಟು ಮಾತ್ರ ದೊಡ್ಡದು,” ಅಂದ ಹಾಲೇಶ, ಜೀಪಿನ ಕಡೆ ನೋಡುತ್ತ.

ಓಂಕಾರಪ್ಪನೂ ಜೀಪು ನೋಡಿದ. ಮೀಸೆಯಲ್ಲೇ ನಕ್ಕ.

“ಚಪ್ಪಲಿ ಕೊಡೋ. ಜೀಪಿಗೂ ಅದು ಹಾಕ್ಕೊಂಡು ಬಂದ ಟೈರೇ ಇರಲಿ.”