ಒದ್ದೆ ಪಂಚೆಯ ಮಡಿ

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಮಾವಿನ ಉಪ್ಪಿನಕಾಯಿ ಅಂದರೆ ಸುತ್ತಲ ಊರಿಗೆಲ್ಲ ಪ್ರಾಣ. ಅದನ್ನು ಮಾರಿ ಬಂದಿದ್ದರಲ್ಲೇ ದಾರಿಹೋಕರಿಗೆ ಊಟ ನಡೆಯುತ್ತಿತ್ತು.

ಒಂದು ವರ್ಷ ಉಪ್ಪಿನಕಾಯಿ ಹಾಕುವ ಕೆಲಸ ಹೊಸದಾಗಿ ಶಿಷ್ಯ ನರಹರಿಯ ಪಾಲಿಗೆ ಬಂತು. ಮಹಾ ಮಡಿವಂತ. ಹೊಳೆಯಲ್ಲಿ ಮುಳುಗಿ ಎದ್ದು, ಪಂಚೆ ಹಿಂಡದೆ, ತೊಟತೊಟ ನೀರು ಸೋರಿಸಿಕೊಂಡೇ ಉಗ್ರಾಣಕ್ಕೆ ಬಂದು ಜಾಡಿಗೆ ಕೈ ಹಾಕುವವನು.

ಅದೇ ವರ್ಷ, ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ ಅಂತಾಯಿತು. ಮಾರಾಟ ನಿಂತರೆ ಊಟವೂ ನಿಂತ ಹಾಗೆಯೇ. ತಪಾಸಣೆಗೆ ಇನ್ಸ್‌ಪೆಕ್ಟರಮ್ಮ ಬಂದಳು.

ನರಹರಿ ಹೊಸ್ತಿಲಿಗೆ ಅಡ್ಡ ನಿಂತ. "ಅಮ್ಮಾ, ಅಲ್ಲೇ ನಿಲ್ಲಿ. ಒಳಗೆ ಮಡಿ."

"ಒಳಗೆ ನೋಡದೆ ಸಹಿ ಹಾಕೋದು ಹೇಗಪ್ಪಾ?"

ಗಲಾಟೆ ಕೇಳಿ ಗುರುಗಳು ಬಂದರು.

"ನೋಡಿ ಗುರುಗಳೇ, ಇವರು ಹಾಗೇ ಒಳಗೆ ಬರ್ತಾರಂತೆ!"

"ಹಾಗೇ ಎಲ್ಲಿ ಬರ್ತೀನಿ?" ಅಂದಳು ಆಕೆ.

ಚಪ್ಪಲಿ ಬಿಟ್ಟಳು. ಬಳೆ ತೆಗೆದಿಟ್ಟಳು. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆದು ಒರೆಸಿಕೊಂಡಳು. ಒಗೆದ ಬಿಳಿ ಕೋಟು ತೊಟ್ಟು, ತಲೆಗೆ ಟೋಪಿ ಹಾಕಿ, ಇನ್ನೊಂದು ಟೋಪಿ ಗುರುಗಳಿಗೆ ಕೊಟ್ಟಳು.

ಗುರುಗಳು ಬೋಳು ತಲೆ ಸವರಿಕೊಂಡರು. "ಇದಕ್ಕೂ ಬೇಕೇ ತಾಯಿ?"

"ಬೋಳು ತಲೆ ಬೆವರೋದಿಲ್ಲವೇ ಸ್ವಾಮೀ?"

ಗುರುಗಳು ನಕ್ಕು ಟೋಪಿ ಹಾಕಿಕೊಂಡರು. "ನರಹರಿ, ದಾರಿ ಬಿಡು."

ಬಿಟ್ಟ. ಬಿಟ್ಟು, ಅವರ ಹಿಂದೆಯೇ ಹೊರಟ. ಆಕೆ ತಿರುಗಿ ಅವನ ಪಂಚೆ ನೋಡಿದಳು.

"ನೀವು ಬರೋ ಹಾಗಿಲ್ಲ."

"ನಾನಾ?"

"ನೀರು ಸೋರ್ತಾ ಇದೆಯಲ್ಲ!"

"ಅದೇ ಅಮ್ಮಾ ಮಡಿ ಅನ್ನೋದು!"

"ಅಲ್ಲೇ ನಿಲ್ಲಿ."

ಮಡಿ ಉಟ್ಟವನು ಹೊರಗೆ, ಉಳಿದವರು ಒಳಗೆ. ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ.

ಆಕೆ ಹೊರಗೆ ಬಂದು ಹೇಳಿದಳು: "ಜಾಡಿಗಳಲ್ಲೆಲ್ಲ ಬೂಷ್ಟು ಹಿಡಿದಿದೆ ಸ್ವಾಮೀ. ನೀರು ಬಿದ್ದಿದೆ. ಸುರಿದುಬಿಡಿ. ಮಾವಿನಕಾಯಿ ಕಾಲ ಮುಗಿಯೋದರೊಳಗೆ ಒಣಬಟ್ಟೆ ಉಟ್ಟು ಬೇರೆ ಹಾಕಿ. ಬಂದು ನೋಡಿ ಸಹಿ ಹಾಕ್ತೀನಿ."

ಆಕೆ ಹೋದ ಮೇಲೆ ನರಹರಿಗೆ ಅಳುವೇ ಬಂತು.

"ಬೂಷ್ಟು ನಾನೂ ನೋಡಿದ್ದೆ ಗುರುಗಳೇ. ಎಲ್ಲೋ ಮೈಲಿಗೆ ತಗುಲಿದೆ ಅಂದುಕೊಂಡೆ."

"ಆಮೇಲೆ?"

"ಇನ್ನೆರಡು ಸಲ ಹೊಳೆಗೆ ಹೋಗಿ ಮುಳುಗಿ ಬರ್ತಿದ್ದೆ."

"ಬೂಷ್ಟು ಹೋಯಿತೇ?"

"ಇನ್ನೂ ಜಾಸ್ತಿ ಆಯಿತು. ಹಾಗಾದರೆ ನನ್ನದು ಮಡಿಯೋ, ಆಕೆಯದು ಮಡಿಯೋ? ನನಗೊಂದೂ ತಿಳೀತಿಲ್ಲ."

ಗುರುಗಳು ಅವನನ್ನು ಕೂರಿಸಿ ಎಲೆ ಹಾಕಿದರು. ಮೊಸರನ್ನ ಬಡಿಸಿದರು. ಪಕ್ಕದಲ್ಲಿ, ಬೂಷ್ಟು ಹಿಡಿದ ಜಾಡಿಯಿಂದ ಒಂದು ಹೋಳು ತೆಗೆದು ಇಟ್ಟರು.

ನರಹರಿ ಮುಖ ಹಿಂಡಿ ಕೈ ಹಿಂದಕ್ಕೆ ಎಳೆದುಕೊಂಡ.

"ಉಣ್ಣಪ್ಪಾ," ಅಂದರು ಗುರುಗಳು, "ಮಡಿಯಲ್ಲೇ ಹಾಕಿದ್ದು."